ಸಾಹೇಬರು ಮೈಮೇಲೆ ಬಂದ ಸುಗ್ಗಿ

ನನಗೆ ಯಾವಾಗ ಬಡ್ತಿ ಬಂತು, ಬೀಳ್ಕೊಡುವ ದಿನ ಯಾರು ಹಾರ ಹಾಕಿದರು, ಯಾರು ಏನು ಭಾಷಣ ಬಿಗಿದರು, ಅದನ್ನೆಲ್ಲ ನಾನಿಲ್ಲಿ ಬರೆಯುವುದಿಲ್ಲ. ಅದನ್ನು ಓದಿ ಯಾರ ಹೊಟ್ಟೆ ತುಂಬಬೇಕು? ನನ್ನ ಆಯುಷ್ಯವೆಲ್ಲ ಹತ್ತಿ ಜಿನ್ನುಗಳಲ್ಲಿ ಸವೆಯಿತು. ಜಿನ್ನು ಅಂದರೆ ಹತ್ತಿಯಿಂದ ಬೀಜ ಬಿಡಿಸಿ ಅರಳೆ ತೆಗೆಯುವ ಕಾರ್ಖಾನೆ. ಮೊದಲು ನರಗುಂದ, ಆಮೇಲೆ ನನ್ನೂರು ರೋಣ, ಕೊನೆಗೆ ಗಜೇಂದ್ರಗಡ. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗರು ಬಂದು, "ಆಗಿನ ಮಷೀನು ಹ್ಯಾಂಗಿದ್ದೂವ್ರಿ ಅಜ್ಜಾರ?" ಎಂದು ಕೇಳುತ್ತಾರೆ. ಮಷೀನಿನದೇನಪ್ಪ, ಎಣ್ಣೆ ಬಿಟ್ಟರೆ ತಿರುಗುತ್ತದೆ. ಮಂದಿ ಹೇಗಿದ್ದರು ಅಂತ ಕೇಳುವವರೇ ಇಲ್ಲ.

ತಂಗಿಯ ಮೊಮ್ಮಗಳು ಮಾತ್ರ ಕೇಳಿದಳು. ನೂಲಿನ ಗಿರಣಿಯೊಂದಕ್ಕೆ ಮ್ಯಾನೇಜರ್ ಆಗಿ ಹೊರಟಿದ್ದಳು ಹುಡುಗಿ. ಬ್ಯಾಗು ಕಟ್ಟುತ್ತಾ ಕಟ್ಟುತ್ತಾ, "ಅಜ್ಜಾ, ಅಲ್ಲಿ ಗಂಡಸ್ರು ನನ್ನ ಮಾತ ಕೇಳ್ತಾರೇನೋ?" ಅಂದಳು.

"ಕೇಳ್ತಾರವ್ವಾ. ಆದ್ರ ಅದನ್ನ ಯಾರ ಮಾತು ಅಂತ ತಿಳದು ಕೇಳಾಕತ್ತಾರ, ಅದನ್ನಷ್ಟ ನೋಡ್ಕೊ" ಅಂದೆ.

ಆಕೆ ಕಣ್ಣು ಪಿಳಿಪಿಳಿ ಬಿಟ್ಟಳು. ಆಕೆಗೆ ತಿಳಿಯಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಐವತ್ತರ ದಶಕದ ಮಾತು. ನಮ್ಮ ಭಾಗ ಇನ್ನೂ ಮುಂಬೈ ರಾಜ್ಯದಲ್ಲೇ ಇತ್ತು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ನರಗುಂದದ ಗುಡ್ಡದ ಬಗಲಿಗಿದ್ದ ಜಿನ್ನಿನಲ್ಲಿ ಹಾಜರಿ ಹಿಡಿಯುವ ಕಾರಕೂನನಾಗಿ ಸೇರಿದ್ದೆ. ಒಂದು ಕಡೆ ಇಂಜಿನ್ ಮನೆ, ಇನ್ನೊಂದು ಕಡೆ ಜಿನ್ನುಗಳನ್ನು ಸಾಲಾಗಿ ನಿಲ್ಲಿಸಿದ ದೊಡ್ಡ ಪಡಸಾಲೆ. ನಡುವಿನ ಗೋಡೆಯಲ್ಲೊಂದು ಕಿಂಡಿ. ಆ ಕಿಂಡಿಯಲ್ಲಿ ಹಾಯ್ದು ಬರುವ ಅಗಲವಾದ ಚರ್ಮದ ಪಟ್ಟಾ ಇಂಜಿನ್ನಿನ ಬಲವನ್ನು ಜಿನ್ನುಗಳಿಗೆ ಮುಟ್ಟಿಸುತ್ತಿತ್ತು. ಜಿನ್ನಿಗೆ ಹತ್ತಿ ಉಣಿಸುವವರೆಲ್ಲ ಹೆಂಗಸರು. ಗಾಳಿಯ ತುಂಬ ಅರಳೆಯ ಎಳೆ. ಸಂಜೆ ಹೊರಗೆ ಬರುವಾಗ ಹುಬ್ಬು, ರೆಪ್ಪೆ, ತಲೆಗೂದಲು ಎಲ್ಲ ಬೆಳ್ಳಗಾಗಿ, ಯಾರು ಮುದುಕಿ ಯಾರು ಹುಡುಗಿ ಗೊತ್ತಾಗುತ್ತಿರಲಿಲ್ಲ. ಮೊದಲ ದಿನ ಆ ಬಿಳಿ ಮುಖಗಳ ಸಾಲು ನನ್ನ ಕಡೆಗೆ ನಡೆದು ಬರುವುದನ್ನು ನೋಡಿ ನನ್ನ ಎದೆ ಝಲ್ಲೆಂದಿತ್ತು.

ಮ್ಯಾನೇಜರರನ್ನು ಎಲ್ಲರೂ ಸಾಹೇಬರು ಅನ್ನುತ್ತಿದ್ದರು. ಎತ್ತರದ ಆಳು. ವರ್ಷಾನುಗಟ್ಟಲೆ ಅರಳೆಯ ದೂಳು ಕುಡಿದು ಗಂಟಲು ಒಡೆದು ಹೋಗಿತ್ತು, ಮಾತಾಡಿದರೆ ಹರಕು ಮೊರದಲ್ಲಿ ಕಾಳು ಕೇರಿದ ಹಾಗೆ. ಅವರ ಒಂದು ಪದ್ಧತಿ ಹೇಳಬೇಕು. ಏನಾದರೂ ಕೇಳಿದರೆ, ಬೇಡ ಅನ್ನುವುದಿದ್ದರೆ "ಊಹೂಂ" ಅನ್ನುವರು. ಸುಮ್ಮನೆ ಕುಳಿತರೆ ಹೂಂ ಅಂತ ಅರ್ಥ.

ಸಂಕ್ರಮಣ ಕಳೆದ ಹೊಸದರಲ್ಲಿ, ಒಂದು ಮಧ್ಯಾಹ್ನ, ಬೆಳವಣಕಿ ಊರಿನ ಎತ್ತಿನ ಚಕ್ಕಡಿಗಳು ಬಂದು ನಿಂತವು. ಆಳುಗಳ ಮೇಲ್ವಿಚಾರಣೆಯ ಮುಕಾದಮ ರುದ್ರಪ್ಪ ಆಫೀಸಿನ ಬಾಗಿಲಲ್ಲಿ ನಿಂತು, "ಹತ್ತಿ ಇಳಿಸ್ಕೊಳ್ಳೇನ್ರಿ ಸಾಹೇಬ್ರ?" ಅಂದ. ಸಾಹೇಬರು ಸುಮ್ಮನಿದ್ದರು. ಇಳಿಸಿಕೊಂಡ. ಇಂಜಿನ್ ನಡೆಸುವ ದಾವಲಸಾಬ ಬಂದು, "ಇವತ್ತ ಹೊತ್ತು ಮುಣಗೂತನಾ ನಡಸಲೇನ್ರಿ?" ಅಂದ. ಸಾಹೇಬರು ಸುಮ್ಮನಿದ್ದರು. ನಡೆಸಿದ. ಸಂಜೆ ಆಫೀಸಿನಲ್ಲಿ ಪತ್ರ ಬರೆಯುವ ಬಾಯಾರು ಕಾಗದಕ್ಕೆ ಸಹಿ ಕೇಳಲು ಹೋಗಿ, ಮೇಜಿನ ಮೇಲಿನ ಚಹಾದಲ್ಲಿ ಅರಳೆ ಕೆನೆಗಟ್ಟಿದ್ದನ್ನು ನೋಡಿದರು. ಆಮೇಲೆ ಮುಖ ನೋಡಿದರು. ಸಾಹೇಬರ ತೆರೆದ ಕಣ್ಣಿನ ಗುಡ್ಡೆಯ ಮೇಲೆಯೇ ಒಂದು ಎಳೆ ಕೂತಿತ್ತು. ರೆಪ್ಪೆ ಬಡಿಯಲಿಲ್ಲ.

ಮಧ್ಯಾಹ್ನವೇ ಜೀವ ಹೋಗಿತ್ತಂತೆ. ಅಂದರೆ ನಾವು ಅರ್ಧ ದಿನ ಹೆಣದ ಅಪ್ಪಣೆ ಪಡೆದು ಕೆಲಸ ಮಾಡಿದ್ದೆವು. ನಗಬೇಡಿ. ಮುಂದಿನದೆಲ್ಲ ತಿಳಿಯಬೇಕಾದರೆ ಇದು ನೆನಪಿರಬೇಕು.

ಜಿನ್ನಿನ ಧಣಿಗಳು ಹುಬ್ಬಳ್ಳಿಯವರು. ಮೂರನೆಯ ದಿನವೇ ಬಂದರು. ಸುಗ್ಗಿಯ ನಡುವೆ ಹೊಸ ಮ್ಯಾನೇಜರನನ್ನು ಎಲ್ಲಿಂದ ತರುವುದು? ಮುಕಾದಮ ರುದ್ರಪ್ಪ ಅಂದು ಹೊಸ ರುಮಾಲು ಸುತ್ತಿಕೊಂಡು ಬಂದಿದ್ದ, ಪಾಪ, ಕುರ್ಚಿ ತನಗೇ ಅಂತ. ಧಣಿಗಳು ಕರೆದದ್ದು ಬಾಯಾರನ್ನು.

ಬಾಯಾರು ಅಂದರೆ ಕಮಲಾಬಾಯಿ. ಗಜೇಂದ್ರಗಡದ ಸೀರೆ ನೇಯುವವರ ಮನೆಯ ಮಗಳು. ಸಣ್ಣ ವಯಸ್ಸಿನಲ್ಲೇ ಗಂಡ ತೀರಿಕೊಂಡು, ಸೋದರಮಾವನ ಮನೆಯಲ್ಲಿದ್ದು ಮ್ಯಾಟ್ರಿಕ್ ಮುಗಿಸಿ, ತಾಯಿಯ ಜೊತೆ ನರಗುಂದಕ್ಕೆ ಬಂದು ನೆಲೆಸಿದ್ದರು. ಪತ್ರ ವ್ಯವಹಾರಕ್ಕೆಂದು ಸೇರಿದವರು ಸಾಹೇಬರ ಕೈಕೆಳಗೆ ಇಡೀ ಜಿನ್ನಿನ ಕೆಲಸ ಕಲಿತಿದ್ದರು. ಮೆತ್ತನೆಯ ದನಿ. ನಕ್ಕರೆ ಸೆರಗು ಬಾಯಿಗೆ ಹೋಗುತ್ತಿತ್ತು.

"ನೋಡ್ರಿ ಬಾಯಾರ" ಅಂದರು ಧಣಿಗಳು, ನಮ್ಮೆಲ್ಲರ ಎದುರಿಗೇ. "ಯುಗಾದಿ ತನಕ ನೀವ ನಡಸ್ರಿ. ಮಂದಿ ನಿಮ್ಮ ಮಾತ ಕೇಳಿದ್ರ ಕೆಲಸ ನಿಮ್ದು. ಕೇಳಲಿಲ್ಲಾಂದ್ರ ಗಂಡಸನ್ನ ತರ್ತೀನಿ. ಮತ್ತ ನೀವು ಬ್ಯಾಸರ ಮಾಡ್ಕೋಬಾರ್ದು."

"ಆಗ್ಲಿ ಧಣ್ಯಾರ" ಅಂದರು ಬಾಯಾರು. ಬೆರಳುಗಳು ಸೆರಗಿನ ತುದಿಯನ್ನು ಹಿಂಜುತ್ತಿದ್ದವು.

ಮಂದಿ ಕೇಳಲಿಲ್ಲ. ಯಾರೂ ಎದುರಾಡಲಿಲ್ಲ, ಅದೇ ದೊಡ್ಡ ಪೇಚು. ಎದುರಾಡಿದರೆ ಜಗಳವಾದರೂ ಆಡಬಹುದು. ಇವರು "ಆತ್ರೀ ಬಾಯಾರ" ಅಂದು ಹೊರಗೆ ಬಂದು, ಬೇವಿನ ಗಿಡದ ಕೆಳಗೆ ಎಲೆಅಡಿಕೆ ಹಾಕಿಕೊಂಡು ಕೂಡುವರು. ದಾವಲಸಾಬ ಬಾಯಾರ ಎದುರಿಗೇ ನಿಂತು ನನ್ನ ಕಡೆ ತಿರುಗಿ, "ಇಂಜಿನ್ನಿಗೆ ಎಣ್ಣಿ ತೀರೇದಂತ ಹೇಳ್ರಿ ಕಾರಕೂನರ" ಅನ್ನುವನು. ಒಮ್ಮೆ ಇಬ್ಬನಿ ಹಿಡಿದ ಹತ್ತಿ ಬಂತು. ಬಿಸಿಲಿಗೆ ಹರವಿ ಒಣಗಿಸಿ ಆಮೇಲೆ ಜಿನ್ನಿಗೆ ಹಾಕಿ ಅಂದರು ಬಾಯಾರು. ರುದ್ರಪ್ಪ ಹಸಿಯದನ್ನೇ ಹಾಕಿಸಿದ. ಬೀಜ ಒಡೆದು, ಅರಳೆಗೆ ಕಲೆ ಹತ್ತಿ, ಮಾಲು ಹಾಳಾಯಿತು. "ಹೆಂಗಸ್ರ ಬುದ್ಧಿ ಮೊಣಕಾಲ ಕೆಳಗ ಅಂತಾರ, ಸುಳ್ಳಲ್ಲ" ಎಂದು ಅವನೇ ಊರೆಲ್ಲ ಹೇಳಿಕೊಂಡು ಬಂದ! ಈ ರುದ್ರಪ್ಪನೇ ಹುಣ್ಣಿಮೆಗೊಮ್ಮೆ ಇಟಗಿಗೆ ಹೋಗಿ ಶರಣೆ ಭೀಮವ್ವನ ಗದ್ದುಗೆಯ ಮುಂದೆ ಉದ್ದಕ್ಕೆ ಬೀಳುವವನು. ಆ ತಾಯಿಯೇ ಎದ್ದು ಬಂದು ಹತ್ತಿ ಒಣಗಿಸು ಅಂದಿದ್ದರೂ ಇವನು ಬೇವಿನ ಗಿಡದ ಕೆಳಗೆ ಹೋಗಿ ಕೂಡುತ್ತಿದ್ದನೋ ಏನೋ.

ಹೆಂಗಸರು ಇನ್ನೂ ಒಂದು ಕೈ ಮೇಲೆ. ಕಲ್ಲವ್ವ ಅಂತ ಒಬ್ಬ ಹುಡುಗಿ, ಎಳೆಗೂಸಿನ ತಾಯಿ, ಬಾಯಿ ಮಾತ್ರ ಭಾರಿ. "ಗಂಡಸು ಬೈದ್ರ ಬೈಸ್ಕೋಬಹುದ್ರಿ. ನಮ್ಮಂಗ ಸೀರಿ ಉಟ್ಟಾಕಿ ಬೈದ್ರ ಹ್ಯಾಂಗ ಬೈಸ್ಕೊಳ್ಳೂದು?" ಎಂದು ನನ್ನನ್ನೇ ಕೇಳಿದಳು.

ಬಾಯಾರು ಆಫೀಸಿನಲ್ಲಿ ಸಾಹೇಬರ ಕುರ್ಚಿಯಲ್ಲಿ ಕೂಡುತ್ತಿರಲಿಲ್ಲ. ಪಕ್ಕದಲ್ಲೊಂದು ಸ್ಟೂಲು ಹಾಕಿಕೊಂಡಿದ್ದರು. ಇಲ್ಲಿಂದಲೇ ನನಗೆ ಮೈ ಜುಮ್ಮೆನ್ನಲು ಶುರುವಾಯಿತು. ದಿನಾ ಸಂಜೆ ಮೇಜು, ಕಿಟಕಿ, ಕಪಾಟು, ಎಲ್ಲದರ ಮೇಲೂ ಅರಳೆಯ ಎಳೆ ಕೂತಿರುವುದು. ಕುರ್ಚಿಯ ಕೈಗಳ ಮೇಲೂ ಕೂತಿರುವುದು. ಕೂಡುವ ಹಲಗೆ ಮಾತ್ರ ಒರೆಸಿಟ್ಟಂತೆ ಸ್ವಚ್ಛ. ಗಾಳಿ ಆ ಕಡೆ ಬೀಸುತ್ತಿರಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ಕಿಟಕಿ ಮುಚ್ಚಿ ನೋಡಿದೆ. ಮರುದಿನವೂ ಹಾಗೇ ಇತ್ತು.

ಇನ್ನು ಪಟ್ಟಾ ಹರಿದ ದಿನದ ಸುದ್ದಿ. ಬಾಯಾರಿಗೆ ಆ ವಾರ ದೂಳಿನಿಂದ ಗಂಟಲು ಕಟ್ಟಿತ್ತು, ಮಾತೇ ಹೊರಡುತ್ತಿರಲಿಲ್ಲ. ಮಧ್ಯಾಹ್ನ ಪಡಸಾಲೆಯಲ್ಲಿ ಸುತ್ತಾಡುತ್ತಿದ್ದವರು ತಟ್ಟನೆ ತಲೆ ಎತ್ತಿ ಪಟ್ಟಾದ ಕಡೆ ನೋಡಿದರು. ಜೋಡಿಸಿದ ಹೊಲಿಗೆ ಬಿಚ್ಚುತ್ತಿತ್ತು. ಅದರ ನೇರ ಕೆಳಗೆ ಕಲ್ಲವ್ವನ ಜಿನ್ನು, ಪಕ್ಕದ ಕಂಬಕ್ಕೆ ಅವಳ ಕೂಸಿನ ಜೋಳಿಗೆ. ಬಾಯಾರು ಕಿಂಡಿಗೆ ಬಾಯಿ ಹಚ್ಚಿ ಕೂಗಿದರು:

"ನಿಂದರ್ಸಲೇ ದಾವಲ್ಯಾ!"

ಅಷ್ಟು ಸದ್ದಿನಲ್ಲೂ ಅದು ಎಲ್ಲರಿಗೂ ಕೇಳಿತು. ಹರಕು ಮೊರದಲ್ಲಿ ಕಾಳು ಕೇರಿದ ಹಾಗೆ. ದಾವಲಸಾಬನ ಕೈ ತಾನಾಗಿ ಇಂಜಿನ್ನಿಗೆ ಹೋಯಿತು. ಓಟ ಇಳಿಯುವಷ್ಟರಲ್ಲಿ ಪಟ್ಟಾ ಹರಿದು, ಕಲ್ಲವ್ವನ ತಲೆಯ ಮೇಲೆ ಬೀಳುವ ಬದಲು ನಿತ್ರಾಣವಾಗಿ ಜಾರಿ ಅವಳ ಕಾಲ ಹತ್ತಿರ ಸುರುಳಿ ಬಿತ್ತು. ದಾವಲಸಾಬ ಓಡಿ ಬಂದ. ಮುಖದಲ್ಲಿ ರಕ್ತವಿರಲಿಲ್ಲ.

"ಯಾ ಅಲ್ಲಾ, ನನ್ನ ದಾವಲ್ಯಾ ಅಂತಿದ್ದವ್ರು ಅವ್ರೊಬ್ರ ರೀ" ಅಂದ.

ಕಲ್ಲವ್ವ ಕೂಸನ್ನು ಅವಚಿಕೊಂಡು ಬಾಯಾರ ಕಾಲಿಗೆ ಬಿದ್ದಳು. "ಎಪ್ಪಾ ಸಾಹೇಬ್ರ, ಬಂದ್ರ್ಯಾ? ನನ್ನ ಕೂಸಿನ್ನ ಉಳಿಸಿದ್ರಿ!"

ಬಾಯಾರು, "ಏಳವ್ವಾ, ನಾನು... ನಾನು" ಅಂದರು. ಮುಂದೆ ದನಿ ಹೊರಡಲಿಲ್ಲ.

ರುದ್ರಪ್ಪ ಬಾಯಾರನ್ನೇ ನೋಡುತ್ತಿದ್ದ. ಅವನು ಮುಶಿಗೇರಿಯವನು. ಗಾಳಿ ಸೋಕಿದವರನ್ನು ಕೂಡಿಸಿ, ಮೈಮೇಲೆ ಬಂದದ್ದು ಯಾರು ಎಂದು ಕೇಳಿ ಬಿಡಿಸುವ ವಿದ್ಯೆ ಅವರ ಮನೆಯಲ್ಲಿ ಅಪ್ಪನಿಂದ ಮಗನಿಗೆ ಬಂದಿತ್ತು. ಅದರ ನೇಮವೂ ನಮಗೆಲ್ಲ ಗೊತ್ತಿತ್ತು: ವಿಭೂತಿ ಎರಚಿ ಮೂರು ಸಲ ಹೆಸರು ಕೇಳಬೇಕು. ಮೊದಲೆರಡು ಸಲ ಸುಳ್ಳು ಹೇಳಬಹುದು, ಮೂರನೆಯ ಸಲ ಬಾಯಿಂದ ಬಂದ ಹೆಸರು ಸುಳ್ಳಾಗುವುದಿಲ್ಲ. ಅದನ್ನು ಒಪ್ಪದಿದ್ದರೆ ಕೇಳಿದವನ ವಿದ್ಯೆಯೇ ಸತ್ತು ಹೋಗುತ್ತದೆ.

"ಸಾಹೇಬ್ರಿಗೆ ಇನ್ನೂ ಜಿನ್ನು ಬಿಟ್ಟು ಹೋಗಾಕ ಮನಸಿಲ್ಲ" ಅಂದ ರುದ್ರಪ್ಪ, ಎಲ್ಲರಿಗೂ ಕೇಳುವಂತೆ. "ಬಾಯಾರ ಮ್ಯಾಲ ಬರಾಕತ್ತಾರ."

ಮರುದಿನದಿಂದ ಜಿನ್ನು ಬದಲಾಯಿತು. ಆಫೀಸಿನ ಹೊಸ್ತಿಲ ಮೇಲೆ ಮುಂಜಾನೆ ಕುಂಕುಮ ಹಚ್ಚಿದ ನಿಂಬೆಹಣ್ಣು. ಅಮಾವಾಸ್ಯೆಗೆ ಲೋಬಾನದ ಹೊಗೆ. ಬಾಯಾರು ಕಟ್ಟಿದ ಗಂಟಲಿನಲ್ಲಿ ಏನಾದರೂ ಅಂದರೆ ಸಾಕು, ಗಂಡಸರು ರುಮಾಲು ಸರಿಮಾಡಿಕೊಂಡು ಓಡುವರು. ಹತ್ತಿ ಒಣಗಿತು, ಇಂಜಿನ್ ಹೊತ್ತಿಗೆ ಸರಿಯಾಗಿ ಶುರುವಾಯಿತು, ಬೇವಿನ ನೆರಳು ಖಾಲಿಯಾಯಿತು. ಆದರೆ ಗಂಟಲು ಬಿಟ್ಟು ಮೆತ್ತಗೆ ಮಾತಾಡಿದರೋ, "ಈಗ ಬಾಯಾರು ಮಾತಾಡಾಕತ್ತಾರ, ನಡೀತದ ಬಿಡ್ರಿ" ಅನ್ನುವರು. ಯಾವುದು ಸಾಹೇಬರ ಮಾತು, ಯಾವುದು ಬಾಯಾರ ಮಾತು ಅಂತ ತೀರ್ಮಾನ ಮಾಡುವವನು ಯಾರು? ರುದ್ರಪ್ಪ! ಬಾಗಿಲಲ್ಲಿ ಕೈಕಟ್ಟಿ ನಿಂತು ಕೇಳಿ, ಹೊರಗೆ ಬಂದು, "ಇದು ಸಾಹೇಬ್ರದು, ಮಾಡ್ರಿ" ಅನ್ನುವನು, ಇಲ್ಲವೆ "ಇದು ಬಾಯಾರದು, ಬಿಡ್ರಿ" ಅನ್ನುವನು. ಕುರ್ಚಿ ಸಿಗದಿದ್ದರೇನು, ಕುರ್ಚಿಯ ಜುಟ್ಟೇ ಅವನ ಕೈಗೆ ಸಿಕ್ಕಿತ್ತು.

ಗೋದಾಮಿನ ಬೀಗದ ಕೈ ಕಳೆದಿತ್ತು. ಸಾಹೇಬರು ಎಲ್ಲಿಟ್ಟಿದ್ದರೋ, ಹುಡುಕಿ ಹುಡುಕಿ ಸಾಕಾಗಿತ್ತು. ದಾವಲಸಾಬ ಒಂದು ದಿನ ಬಾಯಾರ ಮುಂದೆ ತಲೆ ಬಗ್ಗಿಸಿ, "ಸಾಹೇಬ್ರ, ಗೋದಾಮಿನ ಕೀಲಿ ಎಲ್ಲಿ ಇಟ್ಟೀರಿ?" ಎಂದು ಕೇಳಿಯೇಬಿಟ್ಟ. ಬಾಯಾರು ಬರೆಯುತ್ತಿದ್ದವರು ತಲೆ ಎತ್ತದೆ, "ಗಣಪತಿ ಪಟದ ಹಿಂದ ನೋಡು" ಅಂದರು. ಇತ್ತು. ನಾನು ಕೇಳಿದೆ: "ನಿಮಗ ಹ್ಯಾಂಗ ಗೊತ್ತಾತ್ರಿ ಬಾಯಾರ?"

"ಪಟ ಒರಸುವಾಗ ನೋಡಿರಬೇಕ್ರಿ" ಅಂದರು. ಆಮೇಲೆ ಪೆನ್ನು ಕೆಳಗಿಟ್ಟರು. "ಪಟ ನಾ ಯಾವಾಗ ಒರಸೀನಿ?" ಎಂದು ತಮ್ಮನ್ನೇ ಕೇಳಿಕೊಂಡರು.

ಇನ್ನೊಂದು ದಿನ ನಾನು ಹಾಜರಿ ತೋರಿಸಲು ಒಳಗೆ ಹೋಗುವಾಗ ಕಟ್, ಕಟ್ ಎಂದು ಅಡಿಕೆ ಕತ್ತರಿಸುವ ಸದ್ದು. ಸಾಹೇಬರು ಯೋಚನೆಗೆ ಬಿದ್ದಾಗ ಹಾಗೇ ಮಾಡುತ್ತಿದ್ದರು. ಬಾಯಾರ ಬಾಯಿಗೆ ಅಡಿಕೆ ಬಿದ್ದದ್ದನ್ನು ನಾನು ಕಂಡವನಲ್ಲ. ಒಳಗೆ ಹೋದರೆ ಅಡಕತ್ತರಿ ಅವರ ಕೈಯಲ್ಲಿ. ಮೇಜಿನ ಮೇಲೆ ಅಡಿಕೆ ಚೂರಿನ ಗುಡ್ಡೆ. ಮತ್ತೆ ಆ ದಿನ ಅವರು ಸ್ಟೂಲಿನ ಮೇಲಿರಲಿಲ್ಲ. ಕುರ್ಚಿಯಲ್ಲಿ ಕುಳಿತಿದ್ದರು.

"ಬಾಯಾರ" ಅಂದೆ.

ಬೆಚ್ಚಿ ಬಿದ್ದು ಕೈ ನೋಡಿಕೊಂಡರು. ಅಡಕತ್ತರಿ ಕೆಳಗೆ ಬಿತ್ತು. "ಇದು ನನ್ನ ಕೈಯಾಗ ಹ್ಯಾಂಗ ಬಂತ್ರಿ?" ಅಂದರು. "ಕಾರಕೂನರ, ಖರೇ ಹೇಳ್ರಿ. ನಾ ಮಾತಾಡಿದ್ರ ನಿಮಗ ಯಾರ ದನಿ ಕೇಳತದ?"

"ನಿಮ್ಮದ ರೀ. ದೂಳು ಕುಡದು ಗಂಟಲಾ ಕೆಟ್ಟದ. ಸಾಹೇಬ್ರದೂ ಹಂಗ ಕೆಟ್ಟಿತ್ತು."

"ಹಂಗಂತ ನಾನೂ ತಿಳಕೊಂಡಿದ್ದೆ. ನಿನ್ನೆ ಮನ್ಯಾಗ ನೀರು ಕೊಡು ಅಂತ ಕೂಗಿದೆ. ನಮ್ಮವ್ವ ತಂಬಿಗಿ ಬಿಟ್ಟು, ಯಾರಂವ ಒಳಗ ಬಂದಾಂವ ಅಂತ ಓಡಿ ಬಂದಳ್ರಿ. ಹೆತ್ತಾಕಿ ರೀ ಆಕಿ!" ಕಣ್ಣಲ್ಲಿ ನೀರು ತುಂಬಿತ್ತು. "ದಿನಾ ಅಷ್ಟು ಮಂದಿ ಸಾಹೇಬ್ರ, ಸಾಹೇಬ್ರ ಅಂತಾರ. ಕೇಳಿ ಕೇಳಿ ನಾ ಅದೀನೋ ಇಲ್ಲೋ ಅನಸ್ತದ. ನಾ ಹೇಳಿದ್ದೊಂದೂ ನನ್ನ ಹೆಸರಿಗಿಲ್ಲ, ಎಲ್ಲಾ ಅವ್ರ ಹೆಸರಿಗೆ. ಹಿಂಗ ಯುಗಾದಿ ಮುಟ್ಟಿದ್ರ ಕೆಲಸ ಉಳೀತದ. ಮಾಡಾಕಿ ಉಳೀತಾಳೇನು?"

ಸತ್ತವರು ಬರುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ, ಇಂದಿಗೂ ಗೊತ್ತಿಲ್ಲ. ಆದರೆ ಬದುಕಿದ್ದವರೊಬ್ಬರು ನನ್ನ ಕಣ್ಣೆದುರು ಸ್ವಲ್ಪ ಸ್ವಲ್ಪವೇ ಇಲ್ಲವಾಗುತ್ತಿದ್ದರು.

ನಡುವೆ ಒಮ್ಮೆ ಧಣಿಗಳು ಬಂದು ನೋಡಿ ಖುಷಿಯಾದರು. "ಹ್ಯಾಂಗ ನಡದದೋ?" ಎಂದು ರುದ್ರಪ್ಪನನ್ನು ಕೇಳಿದರು. "ಸಾಹೇಬ್ರ ಅದಾರಲ್ರಿ ಧಣ್ಯಾರ, ಚಿಂತಿಲ್ಲ" ಅಂದ. ಧಣಿಗಳಿಗೆ ಎಲ್ಲ ತಿಳಿಯಿತು. ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾಯಾರಿಗೆ, "ಯಾರ ಹೆಸರಿಲೆ ನಡದ್ರೇನವಾ, ನಡದ್ರ ಆತು. ಹಿಂಗ ಇರ್ರಿ" ಅಂದು ಕಾರು ಹತ್ತಿದರು.

ಜಿನ್ನಿನಲ್ಲಿ ಒಂದು ಕೆಟ್ಟ ಪದ್ಧತಿ ಸಾಹೇಬರ ಕಾಲದಿಂದಲೂ ಇತ್ತು. ಕೂಸಿನ ತಾಯಂದಿರು ಹೊರಗೆ ಹೋಗಿ ಹೊತ್ತು ಕಳೆಯಬಾರದೆಂದು, ಜೋಳಿಗೆಗಳನ್ನು ಪಡಸಾಲೆಯ ಕಂಬಗಳಿಗೇ ಕಟ್ಟಿಸುತ್ತಿದ್ದರು. ಆ ದೂಳಿನಲ್ಲೇ ಕೂಸುಗಳು ಮಲಗುವುದು, ಅಳುವುದು, ಕೆಮ್ಮುವುದು. ಇಂಜಿನ್ ಮಾತ್ರ ನಿಲ್ಲಿಸುವ ಹಾಗಿಲ್ಲ. ಬಾಯಾರು ಮೊದಲಿನಿಂದಲೂ, ಜೋಳಿಗೆಗಳನ್ನು ಖಾಲಿ ಗೋದಾಮಿಗೆ ಒಯ್ಯಿರಿ, ಹಾಲು ಕುಡಿಸುವ ಹೊತ್ತಿಗೆ ಇಂಜಿನ್ ನಿಲ್ಲಿಸೋಣ ಅನ್ನುತ್ತಿದ್ದರು. "ಇದು ಬಾಯಾರ ಮಾತು. ಸಾಹೇಬ್ರು ಕೂಸಿಗೆ ಅಂತ ಎಂದೂ ಇಂಜಿನ್ ನಿಂದರ್ಸಿಲ್ಲ" ಎಂದು ರುದ್ರಪ್ಪ ತಳ್ಳಿಹಾಕುತ್ತಿದ್ದ. ತಾಯಂದಿರೂ ಅವನ ಕಡೆಯೇ. ಕಲ್ಲವ್ವ ನನ್ನ ಹತ್ತಿರ ಪಿಸುಗುಟ್ಟಿದಳು: "ಸಾಹೇಬ್ರ ಮಾತ ಮೀರಿ ಹೊರಗ ಒಯ್ದ್ರ, ಸಿಟ್ಟಿಗೆದ್ದು ಕೂಸಿಗೆ ಏನರ ಮಾಡಿದ್ರ? ಬ್ಯಾಡ್ರಿ ಯಪ್ಪಾ."

ಯುಗಾದಿ ಇನ್ನೇನು ಬಂದಿತ್ತು. ಒಂದು ಮಧ್ಯಾಹ್ನ ಕಲ್ಲವ್ವನ ಕೂಸು ಕೆಮ್ಮುತ್ತಾ ಕೆಮ್ಮುತ್ತಾ ಸದ್ದೇ ನಿಲ್ಲಿಸಿತು. ಬಾಯಾರು ಓಡಿ ಹೋಗಿ ನೋಡಿದರೆ ತುಟಿ ನೀಲಿ. ಬೋರಲು ಹಾಕಿ ಬೆನ್ನು ತಟ್ಟಿದರು, ಬಾಯೊಳಗೆ ಬೆರಳು ಹಾಕಿ ತೆಗೆದರು. ಉಗುಳಿನಲ್ಲಿ ನೆಂದ ಅರಳೆಯ ಒಂದು ಸಣ್ಣ ಉಂಡೆ ಹೊರಬಂತು. ಕೂಸು ಕಿಟಾರನೆ ಅತ್ತಿತು. ಆ ಅಳುವಿನಷ್ಟು ಚಂದದ ಸದ್ದು ನಾನು ಕೇಳಿಲ್ಲ.

ಬಾಯಾರು ನೆಟ್ಟಗೆ ಇಂಜಿನ್ ಮನೆಗೆ ಹೋದರು. "ನಿಂದರ್ಸ್ರಿ" ಅಂದರು. ದಾವಲಸಾಬ, ಬಾಯಾರ ಹಿಂದೆಯೇ ಬಂದ ರುದ್ರಪ್ಪನ ಮುಖ ನೋಡಿದ. ಬಾಯಾರು ಅವನನ್ನು ಸರಿಸಿ, ಎಣ್ಣೆಯ ತಿರುಪನ್ನು ತಮ್ಮ ಕೈಯಿಂದಲೇ ಮುಚ್ಚಿದರು. ಇಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಪಟ್ಟಾ ಹರಿದ ದಿನವನ್ನು ಬಿಟ್ಟರೆ, ಸುಗ್ಗಿಯ ದಿನಗಳಲ್ಲಿ ಜಿನ್ನು ಹಾಗೆ ಮೌನವಾಗಿದ್ದನ್ನು ನಾವ್ಯಾರೂ ಕೇಳಿರಲಿಲ್ಲ. ಎಲ್ಲರೂ ಪಡಸಾಲೆಯಲ್ಲಿ ನೆರೆದರು. ಗಾಳಿಯಲ್ಲಿದ್ದ ಅರಳೆ ಸುಮ್ಮನೆ ಕೆಳಗಿಳಿಯುತ್ತಿತ್ತು.

"ಎಲ್ಲಾ ಜೋಳಿಗಿ ಗೋದಾಮಿಗೆ ಒಯ್ರಿ" ಅಂದರು ಬಾಯಾರು.

ಒಬ್ಬರೂ ಅಲ್ಲಾಡಲಿಲ್ಲ. ರುದ್ರಪ್ಪ ಗುಂಪು ಸರಿಸಿಕೊಂಡು ಮುಂದೆ ಬಂದ. ಅವನ ಕೈಯಲ್ಲಿ ವಿಭೂತಿ. "ತಡೀರಿ. ಹೇಳಾಕತ್ತಿದ್ದು ಯಾರು ಅಂತ ಮೊದಲ ಗೊತ್ತಾಗ್ಲಿ" ಅಂದು, ಬಾಯಾರ ಎದುರು ನಿಂತು ದನಿ ಏರಿಸಿದ. "ಯಾರು ನೀನು? ಹೆಸರ ಹೇಳು!"

ಬಾಯಾರಿಗೂ ನನಗೂ ಒಂದು ಸಂಗತಿ ಗೊತ್ತಿತ್ತು. ಸಾಹೇಬ ಅಂತ ಒಂದೇ ಒಂದು ಮಾತು ಅಂದರೆ ಸಾಕು, ಜೋಳಿಗೆಗಳು ಕಣ್ಣು ಮಿಟುಕಿಸುವುದರೊಳಗೆ ಹೊರಗಿರುತ್ತವೆ, ಯುಗಾದಿಗೆ ಕೆಲಸವೂ ಉಳಿಯುತ್ತದೆ. ನಾನು ಅವರ ಹಿಂದೆ ನಿಂತು ಪಿಸುಗುಟ್ಟಿದೆ: "ಸಾಹೇಬ ಅಂದುಬಿಡ್ರಿ ಬಾಯಾರ. ಕೂಸುಗೋಳ ಸಲುವಾಗಿ ಅಂದುಬಿಡ್ರಿ."

"ಕಮಲಾ" ಅಂದರು ಬಾಯಾರು.

ರುದ್ರಪ್ಪ ಒಂದು ಹಿಡಿ ವಿಭೂತಿ ಎರಚಿದ. "ಸುಳ್ಳ ಹೇಳಬ್ಯಾಡ! ಯಾರು ನೀನು?"

"ಕಮಲಾ. ಗಜೇಂದ್ರಗಡದ ನೇಕಾರ ಈರಪ್ಪನ ಮಗಳು."

ವಿಭೂತಿಯೂ ಅರಳೆಯೂ ಮೆತ್ತಿ ಅವರ ಮುಖ ಗೋಡೆಯಷ್ಟು ಬೆಳ್ಳಗಾಗಿತ್ತು. ಕಣ್ಣೆರಡೇ ಕಾಣುತ್ತಿದ್ದವು. ಮೂರನೆಯ ಸಲ ಕೇಳುವುದಕ್ಕೆ ರುದ್ರಪ್ಪನಿಗೇ ಧೈರ್ಯವಿರಲಿಲ್ಲ. ಕೇಳದೆ ಬಿಡುವ ಹಾಗೂ ಇರಲಿಲ್ಲ.

"ಯಾರು... ಯಾರು ನೀನು?"

ಆಗ ಬಂದ ದನಿ ಸಾಹೇಬರದೇ. ಅದೇ ಹರಕು, ಅದೇ ಬಿರುಸು. ಹಿಂದೆ ನಿಂತ ಹೆಂಗಸರು "ಶಿವಾ ಶಿವಾ" ಅಂದು ಒಬ್ಬರನ್ನೊಬ್ಬರು ಹಿಡಿದುಕೊಂಡರು. ಆದರೆ ಆ ದನಿ ಹೇಳಿದ್ದು ಇದು:

"ನಾನು ಕಮಲಾ! ಸತ್ತಾಂವ ಸತ್ತಾನ. ಪಟ್ಟಾ ಹರಿಯೂದು ನೋಡಿದಾಕಿ ನಾನು. ಹತ್ತಿ ಒಣಗಿಸ್ರಿ ಅಂದಾಕಿ ನಾನು. ಈ ಜಿನ್ನಿನ ಮ್ಯಾನೇಜರ್ ನಾನು. ಕೇಳಿದ್ಯಾ ರುದ್ರಪ್ಪ? ಮೂರು ಸಲಾ ಆತು!"

ಅದು ರುದ್ರಪ್ಪನ ಅಪ್ಪ, ಅಜ್ಜ ಹಾಕಿಕೊಟ್ಟ ನೇಮ. ಸುಳ್ಳು ಅನ್ನುವ ಹಾಗಿಲ್ಲ. ಕೈಯಲ್ಲಿದ್ದ ವಿಭೂತಿ ಬೆರಳ ಸಂದಿಯಿಂದ ಸೋರಿ ಹೋಯಿತು. ಸಾಹೇಬರ ದೆವ್ವಕ್ಕೆ ನಿಂಬೆಹಣ್ಣು ಇಟ್ಟು ಆರಾಮಾಗಿದ್ದ ಮಂದಿ ಆ ಹೊತ್ತು ಬದುಕಿದ್ದ ಬಾಯಾರಿಗೆ ನಿಜವಾಗಿ ಹೆದರಿದರು.

ಮೊದಲು ಅಲ್ಲಾಡಿದವಳು ಕಲ್ಲವ್ವ. ಕೂಸನ್ನು ಹೆಗಲಿಗೆ ಹಾಕಿಕೊಂಡು ಹೋಗಿ ಕಂಬದ ಗಂಟು ಬಿಚ್ಚತೊಡಗಿದಳು. ಬಿಗಿದ ಗಂಟು ಬಿಚ್ಚಲಿಲ್ಲ. ಬಾಯಾರು ಹೋಗಿ ಬಿಚ್ಚಿಕೊಟ್ಟರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಿಚ್ಚಿದರು. ಅಂದಿನಿಂದ ಹೊಸ್ತಿಲ ಮೇಲೆ ನಿಂಬೆಹಣ್ಣು ಬೀಳಲಿಲ್ಲ. ರುದ್ರಪ್ಪ ಬಾಗಿಲಲ್ಲಿ ನಿಂತು ತೀರ್ಮಾನ ಕೊಡುವುದನ್ನೂ ಬಿಟ್ಟ. ಆದರೆ ಹುಬ್ಬಳ್ಳಿಗೆ ಸುದ್ದಿ ಮುಟ್ಟಿಸಿದ: ಸಾಹೇಬರು ಹೊರಟು ಹೋದರು ಅಂತ.

ಧಣಿಗಳು ಯುಗಾದಿಯ ಮುನ್ನಾದಿನ ಬಂದರು. ಕಾರಿನಿಂದ ಅವರ ಹಿಂದೆ ಕರಿಕೋಟಿನ ಗಂಡಸೊಬ್ಬ ಇಳಿದ. ಧಣಿಗಳು ತರುತ್ತೇನೆಂದಿದ್ದ ಹೊಸ ಮ್ಯಾನೇಜರ್ ಅವನೇ ಎಂದು ನೋಡಿದ ಕೂಡಲೇ ಎಲ್ಲರಿಗೂ ತಿಳಿಯಿತು. ಬಾಯಾರು ಗೋದಾಮಿನ ಕಟ್ಟೆಯ ಹತ್ತಿರ ನಿಂತಿದ್ದರು. ಅದು ಹಾಲು ಕುಡಿಸುವ ಹೊತ್ತು. ತಾಯಂದಿರೆಲ್ಲ ಕಟ್ಟೆಯ ಮೇಲೆ ಕೂಸುಗಳನ್ನು ಮಡಿಲಿಗೆ ಹಾಕಿಕೊಂಡು ಕುಳಿತಿದ್ದರು. ಇಂಜಿನ್ ನಿಂತಿತ್ತು.

"ಏನಿದು? ಹಾಡ ಹಗಲ ಇಂಜಿನ್ ಬಂದ್ ಯಾಕ?" ಅಂದರು ಧಣಿಗಳು. "ಸಾಹೇಬ ಹ್ವಾದಾ, ಜಿನ್ನು ನಿಂತು! ನಾ ಮೊದಲ ಹೇಳಿದ್ದಿಲ್ಲೇನ್ರಿ ಬಾಯಾರ? ನಿಮ್ಮ ಮಾತ ಇನ್ನ ಯಾರ ಕೇಳ್ತಾರ?" ಆಮೇಲೆ ಇಂಜಿನ್ ಮನೆಯ ಕಡೆ ತಿರುಗಿ ಕೂಗಿದರು: "ದಾವಲಸಾಬ, ಚಾಲೂ ಮಾಡು!"

ದಾವಲಸಾಬ ಹೊರಗೆ ಬಂದ. ಎಣ್ಣೆಯ ಕೈ ಒರೆಸಿಕೊಳ್ಳುತ್ತಾ ಧಣಿಗಳನ್ನು ನೋಡಿದ, ಕರಿಕೋಟಿನವನನ್ನು ನೋಡಿದ. ದಾವಲಸಾಬ ಅಂಗಳ ದಾಟಿ ನಡೆದು ಬಂದು ಬಾಯಾರ ಎದುರು ನಿಂತ.

"ಬಾಯಾರ, ಚಾಲೂ ಮಾಡ್ಲೇನ್ರಿ?"

ಬೇವಿನ ಗಿಡದ ಹತ್ತಿರ ನಿಂತಿದ್ದ ಗಂಡಸರು ಯಾರೂ ಕದಲಲಿಲ್ಲ. ರುದ್ರಪ್ಪನೂ ಕದಲಲಿಲ್ಲ, ಬಾಯಾರನ್ನೇ ನೋಡುತ್ತಿದ್ದ. ಬಾಯಾರು ಕಟ್ಟೆಯ ಕಡೆ ತಿರುಗಿ ಒಂದೊಂದೇ ಕೂಸನ್ನು ನೋಡಿದರು. ಕಲ್ಲವ್ವನದು ಇನ್ನೂ ಕಣ್ಣು ಮುಚ್ಚಿ ಚೀಪುತ್ತಿತ್ತು.

"ತಡೀರಿ" ಅಂದರು, ತಮ್ಮ ಮೆತ್ತನೆಯ ದನಿಯಲ್ಲೇ. "ಕೂಸು ಕುಡದು ಮುಗಸ್ಲಿ."

"ಆತ್ರೀ" ಅಂದು ದಾವಲಸಾಬ ಅಲ್ಲೇ ನಿಂತ. ಧಣಿಗಳೂ ಬಿಸಿಲಿನಲ್ಲಿ ನಿಂತು ಕಾಯ್ದರು.